ಇದು ನಿಮಗೆ ಮಾತ್ರ ಅಕ್ಕಾ

ಕೋವಿಲ್‌ಪಟ್ಟಿಯ ಬಸ್ ನಿಲ್ದಾಣದ ಹಿಂದಿನ ಬೀದಿಗೆ ತಿಲಗವತಿ ಎಂದರೆ ರವಿಕೆ ಹೊಲಿಯುವ ತಿಲಗವತಿ, ರಿಟೈರಾದ ಕಂಡಕ್ಟರ್ ಮಾಡಸಾಮಿಯ ಹೆಂಡತಿ. ಎಂಟು ದಿನಕ್ಕೆ ಕೊಡುತ್ತೇನೆ ಎಂದು ಬಟ್ಟೆ ತೆಗೆದುಕೊಳ್ಳುವುದು, ಹತ್ತನೆಯ ದಿನ ಬೈಸಿಕೊಂಡು ಹನ್ನೊಂದಕ್ಕೆ ಕೊಡುವುದು. ಅವಳ ಬಗ್ಗೆ ಆ ಬೀದಿಗೆ ಗೊತ್ತಿದ್ದದ್ದು ಇಷ್ಟೇ. ಫೋನಿನೊಳಗೆ ಮಾತ್ರ ಅವಳು ವಾನ್ಮದಿ, ಇಪ್ಪತ್ತಮೂರು ಪ್ರೇಮ ಕಾದಂಬರಿಗಳನ್ನು ಬರೆದವಳು. ಐವತ್ತನಾಲ್ಕು ವರ್ಷದ, ಮಂಡಿನೋವಿನ ಹೆಂಗಸೊಬ್ಬಳು ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ, ಎಡಗೈಯ ಒಂದೇ ಬೆರಳಲ್ಲಿ ಇಷ್ಟೊಂದು ನಾಯಕರಿಗೆ ಅಗಲವಾದ ಭುಜ ಕೊಟ್ಟಿದ್ದಾಳೆ ಎಂದರೆ ಯಾರು ನಂಬುತ್ತಾರೆ?

ಓದುಗರು ಎನ್ನುವುದು ಬಾಯಿಮಾತು. ಅವರಲ್ಲಿ ಮುಕ್ಕಾಲು ಪಾಲು ಕೇಳುಗರೇ. ಕಾದಂಬರಿಯನ್ನು ಚೆಂದದ ದನಿಯವರೊಬ್ಬರು ಗಟ್ಟಿಯಾಗಿ ಓದಿ ಯೂಟ್ಯೂಬಿಗೆ ಹಾಕುತ್ತಾರೆ. ಕಡಲೆಮಿಠಾಯಿ ಕತ್ತರಿಸುವವರು, ಬೆಂಕಿಪೊಟ್ಟಣಕ್ಕೆ ಚೀಟಿ ಅಂಟಿಸುವವರು, ಅತ್ತೆಯ ಕಣ್ಣು ತಪ್ಪಿಸಿ ಪಾತ್ರೆ ತೊಳೆಯುವವರು ಫೋನನ್ನು ಕಿಟಕಿಯ ಮೇಲಿಟ್ಟು ಕೇಳುತ್ತಾರೆ. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ನೀರು ಕೇಳುತ್ತಾರೆ, ಅದು ಬೇರೆ ಮಾತು.

ಇಂಥ ಬರಹಗಾರ್ತಿಯರಲ್ಲಿ ಒಂದು ರೂಢಿ ಇದೆ. ಹೊಸ ಪುಸ್ತಕ ಬಂದ ಮೇಲೆ ಓದುಗರು ಕಳಿಸಿದ ಮಾತುಗಳನ್ನೆಲ್ಲ ಒಟ್ಟು ಮಾಡಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ತಮ್ಮ ವಾಟ್ಸಾಪ್ ಗುಂಪಿಗೆ ಹಾಕುವುದು. ವಾನ್ಮದಿಯ ಗುಂಪಿನಲ್ಲಿ ಒಂಬೈನೂರು ಚಿಲ್ಲರೆ ಹೆಂಗಸರು. ಹೃದಯದ ಗುರುತು, ಹೂವಿನ ಗುರುತುಗಳಿಗೆ ಅಲ್ಲಿ ಬೆಲೆಯಿಲ್ಲ, ಅವು ಪುಕ್ಕಟೆ. ಬರೆದು ಕಳಿಸಿದ ಮಾತಿಗೆ ಸ್ವಲ್ಪ ಬೆಲೆ. ದನಿಯಲ್ಲಿ ಹೇಳಿ ಕಳಿಸಿದ್ದಕ್ಕೆ ಹೆಚ್ಚು. ಹೇಳುತ್ತ ಹೇಳುತ್ತ ಗಂಟಲು ಕಟ್ಟಿದರಂತೂ ಆ ವಾರ ಆ ಲೇಖಕಿಯದೇ. ಯಾರ ಮಾತಿನ ಸರ ಉದ್ದ, ಯಾರದು ಗಿಡ್ಡ ಎಂದು ಎಲ್ಲರೂ ಎಲ್ಲರ ಗುಂಪಿನಲ್ಲೂ ಬೇರೆ ಬೇರೆ ಹೆಸರಿನಲ್ಲಿ ಸೇರಿಕೊಂಡು ನೋಡುತ್ತಿರುತ್ತಾರೆ.

ಆ ವರ್ಷದ ಚಿತ್ತಿರೈ ತಿಂಗಳಲ್ಲಿ ವಾನ್ಮದಿಯ ಎರಡು ಪುಸ್ತಕ ಒಟ್ಟಿಗೆ ಬಂದವು. ‘ಮಲ್ಲಿಗೆಗೆ ಮಾತು ಬಂದಾಗ’ ಎನ್ನುವುದನ್ನು ಯಾರೂ ಮೂಸಲಿಲ್ಲ. ನಾಯಕ ಕದಿರವನ್ ಹನ್ನೆರಡು ವರ್ಷ, ಎಂದರೆ ಹನ್ನೆರಡು ಆಷಾಢ, ಕಾಯುವ ‘ಹನ್ನೆರಡು ಆಡಿ’ಗೆ ಹನ್ನೊಂದು ಮಾತು ಬಂದವು. ಅದರಲ್ಲಿ ನಾಲ್ಕು ಅವಳ ಚಿಕ್ಕಮ್ಮನ ಮಗಳವು. ಅದೇ ಭಾನುವಾರ ತೆಂಕಾಶಿಯ ಮಣಿಮೊಳಿ ನಲವತ್ತು ಹಾಕಿದಳು. ಮಣಿಮೊಳಿಗೆ ವಾಕ್ಯ ಕಟ್ಟಲು ಬರುವುದಿಲ್ಲ, ಅವಳ ನಾಯಕಿಯರಿಗೆ ಮಾತೆತ್ತಿದರೆ ಮೂರ್ಛೆ. ಆದರೂ ನಲವತ್ತು. ತಿಲಗವತಿಗೆ ಆ ರಾತ್ರಿ ಸಾಂಬಾರು ಸೇರಲಿಲ್ಲ.

ಗುರುವಾರ ಮಧ್ಯಾಹ್ನ ರವಿಕೆಗೆ ಹುಕ್ಕು ಹಾಕುತ್ತಿದ್ದಾಗ ಒಂದು ದನಿ ಬಂತು.

“ಅಕ್ಕಾ, ವಣಕ್ಕಂ. ನಾನು ಆವುಡೈ ಅಂತ, ಶಂಕರನ್‌ಕೋವಿಲ್‌ನವಳು. ನಿಮ್ಮ ಕಥೇಲಿ ಕದಿರವನ್ ಹನ್ನೆರಡು ವರ್ಷ ಕಾಯ್ತಾನಲ್ಲ, ಯಾವ ಗಂಡಸು ಹಂಗೆ ಕಾಯ್ತಾನೆ, ಬರೀ ಸುಳ್ಳು ಅಂತ ನಮ್ಮ ಜೊತೇಲಿರೋರೆಲ್ಲ ನಕ್ಕರು. ಸುಳ್ಳಲ್ಲ ಅಕ್ಕಾ. ಕಾಯ್ತಾರೆ. ಐದೂ ನಲವತ್ತರ ಬಸ್ಸು ಕಣ್ಮುಂದೆ ಹೋದ್ರೂ ಬಿಟ್ಟು, ಆರೂ ಹತ್ತರ ಬಸ್ಸು ಹತ್ತೋರು ಒಬ್ಬರಿದಾರೆ. ನಾನು ಬರೋದು ಆರೂ ಹತ್ತಕ್ಕೆ, ಅದಕ್ಕೆ. ಆರು ವರ್ಷ ಆಯ್ತು. ಒಂದು ಮಾತಾಡಿಲ್ಲ. ನಾನು ಇಳಿಯೋವಾಗ ಒಂದ್ಸಲ ತಲೆ ಎತ್ತಿ ನೋಡ್ತಾರೆ, ಅಷ್ಟೇ. ನಂಗೆ ನಲವತ್ತೊಂದು. ತಮ್ಮನ ಮನೇಲಿ ಇದೀನಿ. ಈ ವಯಸ್ಸಿಗೆ ಇದೆಲ್ಲ ನಗೆಪಾಟಲು ಅಂತ ನಾನೂ ತಲೆ ತಗ್ಗಿಸಿಕೊಂಡೇ ಇಳಿದುಬಿಡ್ತಿದ್ದೆ. ನಿಮ್ಮ ಕಥೆ ಮುಗಿದ ಮೇಲೆ ಅನ್ನಿಸ್ತು, ಒಂದು ದಿನ ನಾನೇ ಕೇಳ್ತೀನಿ. ಚೆನ್ನಾಗಿದೀರಾ ಅಂತ. ಅಷ್ಟೇ ಕೇಳೋದು.” ಅಲ್ಲಿ ಆ ದನಿ ಒಂದು ಸಣ್ಣ ನಗೆ ನಕ್ಕಿತು, ನಗು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತು. “ಅಷ್ಟು ಕೇಳೋಕೆ ಆರು ವರ್ಷ ನೋಡಿ. ಇದು ನಿಮಗೆ ಮಾತ್ರ ಅಕ್ಕಾ. ಗುಂಪಿಗೆ ಹಾಕ್ಬೇಡಿ.”

ತಿಲಗವತಿ ಅದನ್ನು ಎರಡು ಸಲ ಕೇಳಿದಳು. ಮೊದಲ ಸಲ ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಎರಡನೆಯ ಸಲ ಬರಲಿಲ್ಲ. ಎರಡನೆಯ ಸಲ ಅವಳು ಕೇಳಿದ್ದು ಮಣಿಮೊಳಿಯ ಕಿವಿಯಿಂದ.

ಕೂಡಲೇ ಒಂದು ಉತ್ತರವನ್ನೂ ದನಿಯಲ್ಲೇ ಕಳಿಸಿದಳು. “ತಂಗೀ, ನಿನ್ನ ಮಾತೇ ನಂಗೆ ಪ್ರಶಸ್ತಿ ಕಣಮ್ಮಾ.” ಅದು ಸುಳ್ಳೇನಲ್ಲ. ಪ್ರಶಸ್ತಿ ಬಂದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲವಲ್ಲ, ಅದೇ ತೊಂದರೆ.

ದನಿ ಕತ್ತರಿಸುವುದಕ್ಕೆ ಫೋನಿನಲ್ಲಿ ಸಲಕರಣೆ ಇದೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಅದು ಯಾವ ಮಹಾ ಕೆಲಸ? ಶನಿವಾರ ಕೂತು ಮುಂದಿನಿಂದ ಒಂದು ತುಂಡು ತೆಗೆದಳು. ಅದರಲ್ಲಿ ಹೆಸರು, ಊರು ಹೋದವು. ಹಿಂದಿನಿಂದ ಒಂದು ತುಂಡು ತೆಗೆದಳು. ಅದರಲ್ಲಿ ಹೋದದ್ದು ‘ಇದು ನಿಮಗೆ ಮಾತ್ರ ಅಕ್ಕಾ, ಗುಂಪಿಗೆ ಹಾಕ್ಬೇಡಿ.’ ಹೆಸರು ಹೋದ ಮೇಲೆ ಯಾರೆಂದು ಯಾರಿಗೆ ತಿಳಿಯುತ್ತದೆ, ತಿಳಿಯದ ಮೇಲೆ ಅವಳಿಗೇನು ನಷ್ಟ, ಒಬ್ಬಳ ಧೈರ್ಯ ಕೇಳಿ ಇನ್ನೊಬ್ಬಳಿಗೆ ಧೈರ್ಯ ಬರಲಿ. ಹೀಗೆ ಒಂದರ ಮೇಲೊಂದು ಕಾರಣ ಹೊಂದಿಸಿಕೊಂಡಳು. ತಪ್ಪು ಮಾಡುವ ಮುನ್ನ ಮನುಷ್ಯರಿಗೆ ಬುದ್ಧಿ ಎಷ್ಟು ಚುರುಕಾಗಿ ಓಡುತ್ತದೆ.

ಭಾನುವಾರ ಹತ್ತಕ್ಕೆ ಹಾಕಿದಳು. ಹತ್ತೂ ಐದಕ್ಕೆ ಗುಂಪು ಅಳತೊಡಗಿತು. ಒಬ್ಬಳು ಈರುಳ್ಳಿ ಹೆಚ್ಚುವುದು ಬಿಟ್ಟು ಅಳುತ್ತಿದ್ದೇನೆ ಎಂದು ಬರೆದಳು, ಇನ್ನೊಬ್ಬಳು ನಮ್ಮ ಮನೆಯವರು ಒಂದು ನಿಮಿಷ ಕಾಯುವುದಿಲ್ಲ ಎಂದು ಬರೆದಳು. ತಿಲಗವತಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತು ಪರದೆಯನ್ನು ಮೇಲಕ್ಕೆ ಸರಿಸುತ್ತಿದ್ದಳು. ಅವಳಿಗೆ ಎದೆ ತುಂಬಿ ಬಂದಿತ್ತು, ಅದನ್ನು ಮುಚ್ಚಿಡುವುದೇಕೆ?

ಮಾಡಸಾಮಿ ಅವಳ ಒಂದು ಪುಸ್ತಕವನ್ನೂ ಓದಿದವನಲ್ಲ. ಓದದಿದ್ದುದೇ ಆ ಮನೆಯ ಶಾಂತಿಗೆ ಕಾರಣ ಎಂದು ಅವನ ನಂಬಿಕೆ. ಆದರೆ ದನಿ ಮನೆಯೆಲ್ಲ ಕೇಳುತ್ತಿತ್ತು. ಹಜಾರದಲ್ಲಿ ಪತ್ರಿಕೆ ಮಡಿಸುತ್ತ ಅವನು ಕೇಳಿದ.

“ಶಂಕರನ್‌ಕೋವಿಲ್‌ನೋಳಾ?”

ತಿಲಗವತಿ ಫೋನನ್ನು ಮಡಿಲಿಗೆ ಮಗುಚಿ ಹಾಕಿದಳು. “ನಿಮಗೆ ಯಾರು ಹೇಳಿದ್ದು?”

“ಐದೂ ನಲವತ್ತು, ಆಮೇಲೆ ಆರೂ ಹತ್ತು. ಆ ರೂಟಲ್ಲಿ ಏಳು ವರ್ಷ ಶೀಟಿ ಊದಿದೀನಿ ಕಣೇ. ಈ ಕಡೆ ಸೀಮೆಯಲ್ಲಿ ಇನ್ನೆಲ್ಲೂ ಹಂಗೆ ಎರಡು ಬಸ್ಸಿಲ್ಲ.” ಅವನು ಕನ್ನಡಕ ತೆಗೆದು ಅವಳನ್ನು ನೋಡಿದ. “ಹೆಸರು ಕತ್ತರಿಸ್ದೆ, ಬಸ್ಸು ಹಂಗೇ ಬಿಟ್ಯಲ್ಲೇ.”

“ಬಸ್ಸಲ್ಲಿ ನೂರು ಜನ ಇರ್ತಾರೆ. ನಿಮಗೆ ಎಲ್ಲದರಲ್ಲೂ ಟಿಕೆಟ್ ಚೆಕ್ ಮಾಡೋ ಬುದ್ಧಿ.”

“ತೆಗೆದುಬಿಡು. ಇನ್ನೂ ಹೊತ್ತು ಮೀರಿಲ್ಲ.”

ಹೊತ್ತು ಮೀರಿರಲಿಲ್ಲ, ನಿಜ. ಆದರೆ ಆಗಷ್ಟೇ ಹೃದಯಗಳು ಇನ್ನೂರು ದಾಟಿದ್ದವು. ಮಧ್ಯಾಹ್ನ ತೆಗೆದರಾಯಿತು ಎಂದುಕೊಂಡಳು ತಿಲಗವತಿ. ಹೃದಯಕ್ಕೆ ಬೆಲೆಯಿಲ್ಲ ಎಂದು ಹೇಳುತ್ತಿದ್ದವಳು ಅವಳೇ.

ಹನ್ನೆರಡರ ಹೊತ್ತಿಗೆ ರಾಜಪಾಳಯದ ಓದುಗಿಯೊಬ್ಬಳು ಬರೆದಳು. ‘ಇದು ಶಂಕರನ್‌ಕೋವಿಲ್ ಕಣ್ಣಾಸ್ಪತ್ರೆಯ ಟೋಕನ್ ಅಕ್ಕನ ದನಿ ಅಲ್ಲವಾ? ಅಮ್ಮನ ಪೊರೆ ತೆಗೆಸೋಕೆ ಮೂರು ಸಲ ಹೋಗಿದ್ದೆ. ಮೂರು ದಿನ ಇದೇ ದನಿ ಕೇಳಿದೀನಿ.’ ಅದರ ಕೆಳಗೆ ಇನ್ನೊಬ್ಬಳು: ‘ಅವರೇ. ಸಾವಿರ ಜನದಲ್ಲೂ ಗುರುತು ಹಿಡೀತೀನಿ.’

ಆ ಆಸ್ಪತ್ರೆಗೆ ಮೂರು ತಾಲೂಕಿನ ಕಣ್ಣುಗಳು ಬರುತ್ತವೆ. ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತ ಜನಕ್ಕೆ ಕಾಣುವುದೇನೂ ಇಲ್ಲ, ಕೇಳುವುದೊಂದೇ. ಹನ್ನೊಂದು ವರ್ಷದಿಂದ ಅವರಿಗೆ ಕೇಳುತ್ತಿದ್ದದ್ದು ಆವುಡೈಯ ದನಿ. ಅವಳ ಮುಖ ತಿಳಿಯದವರಿಗೂ ಅವಳ ದನಿ ತಿಳಿದಿತ್ತು. ತಿಲಗವತಿ ಹೆಸರು ಅಡಗಿಸಿ ಆ ದನಿಯನ್ನೇ ಬೀದಿಗೆ ಕಳಿಸಿದ್ದಳು.

ಮೂರು ಗಂಟೆಗೆ ಶಂಕರನ್‌ಕೋವಿಲ್‌ನವಳೇ ಒಬ್ಬಳು ನಗುವ ಗುರುತುಗಳ ಸಮೇತ ಬಂದಳು. ‘ಐದೂ ನಲವತ್ತು ಬಿಡುವವರು ಯಾರು ಅಂತಲೂ ಗೊತ್ತಾಯ್ತು. ಎದುರು ಕನ್ನಡಕದ ಅಂಗಡಿಯ ಚೊಕ್ಕಲಿಂಗಂ. ಹೆಂಡತಿ ತೀರಿಕೊಂಡವರು. ಅಯ್ಯೋ ದೇವರೇ, ನಮ್ಮೂರಲ್ಲೇ ಕದಿರವನ್.’

ತಿಲಗವತಿ ಆಗ ತೆಗೆದಳು. ತೆಗೆದದ್ದು ತನ್ನ ಗುಂಪಿನಿಂದ. ಅಷ್ಟರಲ್ಲಿ ಅದು ಎಷ್ಟು ಗುಂಪು ಹೊಕ್ಕಿತ್ತೋ ಯಾರಿಗೆ ಗೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಒಬ್ಬಳದು, ಕಳೆದವಳು ಇನ್ನೊಬ್ಬಳು.

ಅಷ್ಟಕ್ಕೇ ನಿಂತಿದ್ದರೂ ಒಂದು ಮರ್ಯಾದೆ ಇತ್ತು. ಸೋಮವಾರ ಒಬ್ಬ ಓದುಗಿ ಮೆತ್ತಗೆ ಕೇಳಿದಳು: ‘ಅಕ್ಕಾ, ಆ ಅಕ್ಕ ಹಾಕಿ ಅಂತ ಒಪ್ಪಿಗೆ ಕೊಟ್ಟಿದ್ರಾ?’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ತಿಲಗವತಿ ಒಂದು ನಿಮಿಷವೂ ತಡೆಯದೆ ಬರೆದಳು: ‘ಓದುಗರು ಪ್ರೀತಿಯಿಂದ ಕಳಿಸಿದ್ದನ್ನೇ ನಾನು ಹಾಕುವುದು.’ ಆ ವಾಕ್ಯದಲ್ಲಿ ಒಂದೇ ಒಂದು ಸುಳ್ಳು ಪದವಿಲ್ಲ, ಎಣಿಸಿ ನೋಡಿ. ಅಭಿಮಾನಿಗಳು ಉಳಿದದ್ದನ್ನು ತಾವೇ ತುಂಬಿಕೊಂಡರು. ಬೇಡವಾಗಿದ್ದರೆ ಬರಹಗಾರ್ತಿಗೆ ಯಾಕೆ ಕಳಿಸಬೇಕಿತ್ತು? ಹೆಸರು ಬರಲಿ ಎಂದೇ ಕಳಿಸಿರಬೇಕು. ಈ ವಯಸ್ಸಿಗೆ ಇದೇನು ಹುಚ್ಚು? ನಮ್ಮ ವಾನ್ಮದಿ ಅಕ್ಕನ ಮೇಲೆ ಯಾರೂ ಬೆರಳು ತೋರಿಸಬೇಡಿ.

ವಾನ್ಮದಿ ಅಕ್ಕ ಅದನ್ನೆಲ್ಲ ಓದಿದಳು. ಒಂದು ಮಾತು ಬರೆದರೆ ಅದು ನಿಲ್ಲುತ್ತಿತ್ತು. ಬರೆಯಲಿಲ್ಲ. ಆವುಡೈಗೆ ಒಂದು ಸಾಲು ಬರೆಯೋಣವೆಂದು ಸೋಮವಾರ, ಮಂಗಳವಾರ, ಬುಧವಾರ ಕೂತಳು. ಬರೆದಳು, ಅಳಿಸಿದಳು. ಆ ಕಡೆಯಿಂದ ಬೈಗುಳವೂ ಇಲ್ಲ, ಅಳುವೂ ಇಲ್ಲ, ಏನೂ ಇಲ್ಲ. ಬುಧವಾರ ಪಕ್ಕದ ಮನೆಯವಳ ರವಿಕೆಗೆ ಎಡತೋಳನ್ನು ಬಲಕ್ಕೆ ಹೊಲಿದಳು.

ಗುರುವಾರ ಬೆಳಿಗ್ಗೆ ಎದ್ದು ಸೀರೆ ಉಟ್ಟಳು. ಮಾಡಸಾಮಿ ಎಲ್ಲಿಗೆಂದು ಕೇಳಲಿಲ್ಲ.

“ಕಳುಗುಮಲೈ ಮೇಲೆ ಹೋಗೋ ಬಸ್ಸು ಹತ್ತು. ಎಡಗಡೆ ಕೂತ್ಕೋ, ಬಿಸಿಲು ಬಡಿಯಲ್ಲ,” ಎಂದ. ಒಂದು ಪೊಟ್ಟಣ ಕಡಲೆಮಿಠಾಯಿ ತಂದು ಅವಳ ಕೈಚೀಲಕ್ಕೆ ಹಾಕಿದ.

“ಇದನ್ನ ಯಾವ ಮುಖ ಇಟ್ಕೊಂಡು ಕೊಡ್ಲಿ?”

“ಮುಖ ಇಲ್ದೋರು ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಹೋಗ್ಬೇಕು,” ಎಂದ ಮಾಡಸಾಮಿ.

ಕಣ್ಣಾಸ್ಪತ್ರೆಯಲ್ಲಿ ಟೋಕನ್ ಅಕ್ಕನನ್ನು ನೋಡಬೇಕೆಂದರೆ ಟೋಕನ್ ತೆಗೆಯಲೇಬೇಕು. ಬಾಗಿಲ ಬಳಿಯ ಹುಡುಗಿ ಹೆಸರು, ಊರು, ವಯಸ್ಸು ಕೇಳಿದಳು. ತಿಲಗವತಿ, ಕೋವಿಲ್‌ಪಟ್ಟಿ, ಐವತ್ತನಾಲ್ಕು. ಏನು ತೊಂದರೆ? ಸೂಜಿಗೆ ದಾರ ಪೋಣಿಸೋಕಾಗಲ್ಲ. ಅದು ನಿಜವೇ ಆಗಿತ್ತು. ಮೂವತ್ತೇಳನೆಯ ನಂಬರಿನ ಚೀಟಿ ಹಿಡಿದು ಕಬ್ಬಿಣದ ಬೆಂಚಿನ ತುದಿಯಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಆ ದನಿ ಬಂತು. ಮೈಕಿಲ್ಲ, ಕೂಗಾಟವಿಲ್ಲ. ಆದರೂ ಹಜಾರದ ಮೂಲೆಮೂಲೆಗೂ ಮುಟ್ಟುವ ದನಿ. “ಮೂವತ್ತೇಳು. ತಿಲಗವತಿ ಅಮ್ಮಾ, ಕೋವಿಲ್‌ಪಟ್ಟಿ. ನಿಧಾನವಾಗಿ ಬನ್ನಿ, ಮುಂದೆ ಒಂದು ಮೆಟ್ಟಿಲಿದೆ.”

ತಿಲಗವತಿ ಎದ್ದಳು. ತನಗೆ ಎರಡು ಹೆಸರಿವೆ, ಒಂದರ ಹಿಂದೆ ಇನ್ನೊಂದು ಅಡಗಿಕೊಳ್ಳಬಹುದು ಎಂದು ಅವಳಿಗೆ ಹೊಳೆದದ್ದು ಆಗ. ಆವುಡೈಗೆ ಗೊತ್ತಿದ್ದದ್ದು ವಾನ್ಮದಿ. ಎದುರಿಗೆ ಬಂದದ್ದು ಸೂಜಿಗೆ ದಾರ ಪೋಣಿಸಲಾರದ ಯಾವುದೋ ತಿಲಗವತಿ. ಆದರೆ ಬಾಯಿ ತೆರೆದರೆ ಮುಗಿಯಿತು. ಪ್ರತಿ ಭಾನುವಾರ ಗುಂಪಿನಲ್ಲಿ ಮಾತಾಡುವ ದನಿ, ‘ನಿನ್ನ ಮಾತೇ ನಂಗೆ ಪ್ರಶಸ್ತಿ’ ಎಂದ ದನಿ ಇದೇ. ಅವಳು ತುಟಿ ಬಿಗಿದುಕೊಂಡಳು.

“ಸಕ್ಕರೆ ಕಾಯಿಲೆ ಇದ್ಯಾಮ್ಮಾ?” ತಿಲಗವತಿ ಇಲ್ಲವೆಂದು ತಲೆಯಾಡಿಸಿದಳು. “ಬಿ.ಪಿ.?” ಮತ್ತೆ ತಲೆ. “ಜೊತೆಗೆ ಯಾರಾದ್ರೂ ಬಂದಿದಾರಾ?” ಮತ್ತೆ ತಲೆ.

ಈ ಹೆಂಗಸಿಗೆ ಕಿವಿ ಮಂದ ಎಂದು ಆವುಡೈ ತಿಳಿದಳೋ ಏನೋ, ಹತ್ತಿರ ಬಂದು ಭುಜ ಹಿಡಿದು ಕೂರಿಸಿ, ಕೈಸನ್ನೆ ಮಾಡುತ್ತ ಬಿಡಿಸಿ ಬಿಡಿಸಿ ಹೇಳಿದಳು. “ಹನಿ ಹಾಕ್ತೀನಿ. ಸ್ವಲ್ಪ ಉರಿಯುತ್ತೆ. ಕಣ್ಣು ಮುಚ್ಚಿಕೊಂಡೇ ಇರಿ. ಮೂರು ಸಲ ಹಾಕಬೇಕು.” ತೆಳ್ಳಗಿನ ಹೆಂಗಸು, ಮುಂದಲೆಯಲ್ಲಿ ಎರಡು ಬಿಳಿ ಕೂದಲು, ಕಿವಿಯಲ್ಲಿ ಸಣ್ಣ ಓಲೆ. ಅಷ್ಟು ನೋಡುವಷ್ಟರಲ್ಲಿ ಹನಿ ಬಿತ್ತು. ಉರಿಯಿತು.

ಕಣ್ಣು ಮುಚ್ಚಿದ ಮೇಲೆ ಕಿವಿ ತೆರೆಯಿತು. ಪಕ್ಕದ ಸಾಲಿನಲ್ಲಿ ಇಬ್ಬರು ಹೆಂಗಸರ ಗುಸುಗುಸು. ಗುಸುಗುಸು ಎಂದರೆ ಎಲ್ಲರಿಗೂ ಕೇಳುವಂಥದು.

“ಇವಳೇನಾ?”

“ಇನ್ಯಾರು. ದನಿ ಕೇಳಿದ್ರೆ ಗೊತ್ತಾಗಲ್ವಾ?” ಆಮೇಲೆ ಗಟ್ಟಿಯಾಗಿ, “ಏನಮ್ಮಾ, ಆರೂ ಹತ್ತರ ಬಸ್ಸಿಗೆ ಹೊತ್ತಾಗ್ಲಿಲ್ವಾ?”

ಕಣ್ಣು ಮುಚ್ಚಿ ಕೂತ ಸಾಲಿನಲ್ಲಿ ಒಂದು ನಗೆ ಸರಿದುಹೋಯಿತು. ಆವುಡೈಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಹನಿ ಹಾಕಿದ್ದು ಕಣ್ಣಿಗೆ ಅಮ್ಮಾ. ಬಾಯಿಗೆ ಹಾಕೋ ಹನಿ ಇನ್ನೂ ಸಪ್ಲೈ ಬಂದಿಲ್ಲ. ಮೂವತ್ತೆಂಟು, ಇಸಕ್ಕಿಯಪ್ಪನ್ ಅಯ್ಯಾ, ಬನ್ನಿ.”

ಈಗ ನಕ್ಕವರು ಬೇರೆಯವರು. ತಿಲಗವತಿಗೂ ಒಂದು ಕ್ಷಣ ಸಮಾಧಾನವಾಯಿತು. ಎಂಥ ಮಾತು, ಎಂಥ ಹೆಣ್ಣು ಎಂದುಕೊಂಡಳು. ಅಂದುಕೊಂಡವಳೇ ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಂಡಳು, ಮರೆಯದಿರಲೆಂದು. ಕಣ್ಣಾಸ್ಪತ್ರೆಯ ನಾಯಕಿ, ಕನ್ನಡಕದಂಗಡಿಯ ನಾಯಕ, ಮೊದಲ ಅಧ್ಯಾಯ ಟೋಕನ್ ಕರೆಯುವುದರಿಂದ ಶುರು. ಅಷ್ಟು ದೂರ ಹೋದ ಮೇಲೆ ತಾನು ಏನು ಮಾಡುತ್ತಿದ್ದೇನೆ ಎಂದು ಅರಿವಾಯಿತು. ಕ್ಷಮೆ ಕೇಳಲು ಬಂದ ಮನೆಯಲ್ಲಿ ಮತ್ತೆ ಕೈ ಚಾಚಿದ ಕಳ್ಳಿ. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದು ಇಪ್ಪತ್ತಮೂರು ಪುಸ್ತಕಗಳಲ್ಲಿ ಬರೆದಿದ್ದಳು. ಸುಳ್ಳು. ಆ ಮಾತನ್ನು ಮನಸ್ಸಿನಿಂದ ಅಳಿಸಲು ನೋಡಿದಳು, ಅದು ಅಕ್ಷರ ಸಮೇತ ಅಲ್ಲೇ ಕೂತಿತ್ತು.

ಎರಡನೆಯ ಹನಿಗೆ ಆವುಡೈ ಬಂದಳು, ಹೋದಳು. ಮೂರನೆಯ ಸಲ ಬಂದು ಗಲ್ಲ ಹಿಡಿದು ತಲೆ ಎತ್ತಿದಾಗ ತಿಲಗವತಿ ಹೇಳಿದಳು.

“ಆವುಡೈ.”

ಗಲ್ಲ ಹಿಡಿದ ಬೆರಳು ನಿಂತಿತು.

“ವಾನ್ಮದಿ ಅಕ್ಕಾನಾ?”

“ಹೂಂ.”

ಆವುಡೈ ಮೊದಲು ಹನಿ ಹಾಕಿದಳು, ಎರಡೂ ಕಣ್ಣಿಗೆ, ಒಂದೊಂದೇ. ಹೊರಗೆ ಬಂದದ್ದನ್ನು ಹತ್ತಿಯಿಂದ ಒರೆಸಿದಳು. ಆಮೇಲೆ ಪಕ್ಕದಲ್ಲಿ ಕೂತಳು. ಬೆಂಚು ಸಣ್ಣಗೆ ಅಲುಗಿದ್ದರಿಂದ ತಿಲಗವತಿಗೆ ತಿಳಿಯಿತು.

“ಕಿವಿ ಕೇಳಲ್ಲ ಅಂದ್ಕೊಂಡೆ.”

“ಮಾತಾಡಿದ್ರೆ ಗೊತ್ತಾಗಿಬಿಡ್ತಿತ್ತು.”

“ಗೊತ್ತಾಗುತ್ತಲ್ಲ ಅಕ್ಕಾ, ದನಿ.” ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ. ಇದ್ದಿದ್ದರೆ ತಿಲಗವತಿಗೆ ಒಳ್ಳೆಯದಿತ್ತು.

“ಅವರು... ಏನಂದ್ರು?”

“ಏನನ್ನೋದು? ಯಾವತ್ತೂ ಏನೂ ಅಂದಿಲ್ವಲ್ಲ. ಸೋಮವಾರದಿಂದ ಐದೂ ನಲವತ್ತಕ್ಕೆ ಹೋಗ್ತಿದಾರೆ. ಅವರಿಗೊಬ್ಬಳು ಮಗಳು, ಹತ್ತನೇ ಕ್ಲಾಸು. ಟ್ಯೂಶನ್ನಲ್ಲಿ ಯಾರೋ ಆ ಮಗೂಗೆ ಫೋನಲ್ಲಿ ಕೇಳಿಸಿದ್ರಂತೆ. ನಮ್ಮ ಮನೇಲಿ ತಮ್ಮನ ಹೆಂಡತಿ ಬಡಿಸ್ತಾಳೆ, ಮಾತಾಡಲ್ಲ. ಅದಿರ್ಲಿ, ಅದು ಅಭ್ಯಾಸ ಆಗುತ್ತೆ.”

“ನೀನು ಕೇಳ್ಬೇಕು ಅಂತಿದ್ಯಲ್ಲ, ಚೆನ್ನಾಗಿದೀರಾ ಅಂತ...”

“ಸೋಮವಾರ ಕೇಳೋಣ ಅಂತಿದ್ದೆ. ಭಾನುವಾರ ನೀವು ಹಾಕಿದ್ರಿ.”

ತಿಲಗವತಿ ಕಣ್ಣು ತೆರೆದಳು. ತೆರೆಯಬಾರದಿತ್ತು. ಎಲ್ಲ ಬೆಳ್ಳಗೆ ಹರಡಿಕೊಂಡು, ಎದುರಿಗಿದ್ದ ಮುಖದಲ್ಲಿ ಕಣ್ಣು ಯಾವುದು, ಬಾಯಿ ಯಾವುದು ತಿಳಿಯಲಿಲ್ಲ.

“ಮುಚ್ಚಿ ಅಕ್ಕಾ,” ಎಂದಳು ಆವುಡೈ. ಆಮೇಲೆ ಮೆಲ್ಲಗೆ, ತನ್ನವರ ಪರ ವಹಿಸಿ ಮಾತಾಡುವ ಹಾಗೆ ಹೇಳಿದಳು. “ತಮ್ಮ ನಿಮ್ಮನ್ನ ಬಾಯಿಗೆ ಬಂದಂಗೆ ಬೈದ. ನಾನು ಬಿಡ್ಲಿಲ್ಲ. ಆ ಅಕ್ಕ ಕೊನೆ ತನಕ ಕೇಳಿರಲ್ಲ ಕಣೋ, ಕೆಲಸದ ಮಧ್ಯೆ ಅರ್ಧ ಕೇಳಿ ಹಾಕ್ಬಿಟ್ಟಿರ್ತಾರೆ, ಫೋನಲ್ಲಿ ಕೊನೆ ಮಾತು ಸರಿಯಾಗಿ ಬಂದಿರಲ್ಲ ಅಂದೆ. ಹಂಗೇ ಅಲ್ವಾ ಅಕ್ಕಾ ಆಗಿದ್ದು?”

ಸುಳ್ಳನ್ನು ಎಲೆ ಹಾಕಿ ಬಡಿಸಿ ಇಟ್ಟಿದ್ದಳು. ಹೂಂ ಎಂದರೆ ಮುಗಿಯುತ್ತಿತ್ತು. ಆವುಡೈ ಕ್ಷಮಿಸುತ್ತಿದ್ದಳು, ಬಹುಶಃ ಆಗಲೇ ಕ್ಷಮಿಸಿಬಿಟ್ಟಿದ್ದಳು. ಇಬ್ಬರೂ ಸ್ವಲ್ಪ ಅತ್ತು, ತಿಲಗವತಿ ಕಡಲೆಮಿಠಾಯಿ ಕೊಟ್ಟು, ಬಸ್ಸು ಹತ್ತಬಹುದಿತ್ತು. ಹೂಂ ಎನ್ನುವ ಅಕ್ಷರ ಅವಳ ಗಂಟಲಿನವರೆಗೂ ಬಂದಿತ್ತು.

“ಕೊನೆ ತನಕ ಕೇಳ್ದೆ ಆವುಡೈ,” ಎಂದಳು. “ಎರಡು ಸಲ ಕೇಳ್ದೆ. ನನಗೆ ಮಾತ್ರ ಅಂದಿದ್ದು ಕೇಳಿಸ್ತು. ಶನಿವಾರ ಕೂತು ಅದನ್ನ ಕತ್ತರಿಸ್ದೆ.”

ಹಜಾರದಲ್ಲಿ ಯಾರೋ ಕೆಮ್ಮಿದರು. ಒಂಬೈನೂರು ಜನ ಕೇಳಿದ ದನಿ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಅದಕ್ಕಿಂತ ಬೈದಿದ್ದರೆ, ಹೊಡೆದಿದ್ದರೆ ವಾಸಿಯಿತ್ತು ಎನಿಸಿತು ತಿಲಗವತಿಗೆ.

“ಕೇಳಿಯೇ ಹಾಕಿದ್ರಿ ಹಂಗಾದ್ರೆ,” ಎಂದಳು ಆವುಡೈ ಕೊನೆಗೆ.

“ತಪ್ಪಾಯ್ತು ಕಣಮ್ಮಾ.”

“ಇದನ್ನ ನನ್ನ ಹತ್ರ ಹೇಳ್ತಿದೀರಿ. ಗುಂಪಲ್ಲಿರೋರು ಒಂಬೈನೂರು ಜನ. ನಾನೇ ಹೆಸರು ಬರ್ಲಿ ಅಂತ ಕಳಿಸ್ದೆ ಅಂತ ಬರೀತಿದಾರೆ. ಓದ್ತಿದೀನಿ.”

“ನೀನು ಗುಂಪು ಬಿಟ್ಟಿಲ್ವಾ?”

“ಇಲ್ಲ. ತಮ್ಮ ಬಿಡು ಬಿಡು ಅಂದ. ನೀವು ಏನಾದ್ರೂ ಹೇಳ್ತೀರೇನೋ ಅಂತ ದಿನಾ ನೋಡ್ತಿದೀನಿ.”

“ಭಾನುವಾರ ಹೇಳ್ತೀನಿ.”

“ನನ್ನ ಹೆಸರು ಹೇಳ್ಬೇಡಿ,” ಎಂದು ಆವುಡೈ ಎದ್ದಳು. ತಿಲಗವತಿ ತಡಕಾಡಿ ಪೊಟ್ಟಣ ತೆಗೆದು ಅವಳಿದ್ದ ದಿಕ್ಕಿಗೆ ಚಾಚಿದಳು. ಅದು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಕೈಯಿಂದ ಹೋಯಿತು. “ಹನಿ ಹಾಕಿಸಿಕೊಂಡು ಹಸಿದು ಕೂತೋರಿಗೆ ಹಂಚ್ತೀನಿ. ಕೋವಿಲ್‌ಪಟ್ಟಿ ಮಿಠಾಯಿ ಅಂದ್ರೆ ಯಾರೂ ಬೇಡ ಅನ್ನಲ್ಲ.” ನಾಲ್ಕು ಹೆಜ್ಜೆ ಆಚೆಯಿಂದ ದನಿ ಮೊದಲಿನಂತೆಯೇ ಬಂತು. “ನಲವತ್ತೊಂದು. ಬನ್ನಿಮ್ಮಾ, ಕಂಬಿ ಹಿಡ್ಕೊಂಡು ಬನ್ನಿ.”

ಭಾನುವಾರ ಬೆಳಿಗ್ಗೆ ಏಳಕ್ಕೇ ತಿಲಗವತಿ ಫೋನು ಹಿಡಿದು ಕೂತಳು. ಮೊದಲ ಸಲ ಹೇಳಿದ್ದು ಬಹಳ ಚೆನ್ನಾಗಿ ಬಂತು. ‘ಒಂದು ಹೂವನ್ನು ಕೈಯಲ್ಲಿ ಕೊಟ್ಟಾಗ’ ಎಂದು ಶುರುವಾಗಿತ್ತು, ನಡುವೆ ಒಂದು ಬಿಕ್ಕು. ಕೇಳಿ ನೋಡಿ ಅಳಿಸಿದಳು. ಎರಡನೆಯದರಲ್ಲಿ ಬಿಕ್ಕಿರಲಿಲ್ಲ, ಆದರೆ ಕತ್ತರಿ ಎನ್ನುವ ಪದದ ಮುಂದೆ ಒಳ್ಳೆಯ ಮೌನ ಬಿದ್ದಿತ್ತು. ಅದನ್ನೂ ಅಳಿಸಿದಳು. ಆರು ಸಲ ಹೀಗಾಯಿತು. ಬರವಣಿಗೆ ಅಭ್ಯಾಸವಾದ ನಾಲಿಗೆ ನಿಜ ಹೇಳುವಾಗಲೂ ಬಳುಕುತ್ತದೆ.

ಹಜಾರದಿಂದ ಮಾಡಸಾಮಿ ಹೇಳಿದ. “ಕಂಡಕ್ಟರ್ ತರ ಹೇಳೇ. ಸ್ಟಾಪಿನ ಹೆಸರು ಹೇಳು, ಶೀಟಿ ಊದು.”

ಹತ್ತಕ್ಕೆ ಅವಳು ಹಾಕಿದ್ದು ಇಷ್ಟು. “ಹೋದ ವಾರ ಒಬ್ಬರ ಮಾತು ಹಾಕಿದ್ದೆ. ಅದರ ಕೊನೇಲಿ ಅವರು, ಇದು ನಿಮಗೆ ಮಾತ್ರ ಅಕ್ಕಾ, ಗುಂಪಿಗೆ ಹಾಕ್ಬೇಡಿ ಅಂದಿದ್ರು. ನಾನು ಕೇಳಿಸ್ಕೊಂಡೆ, ಆ ಮಾತನ್ನ ಕತ್ತರಿಸಿ ಉಳಿದಿದ್ದನ್ನ ಹಾಕಿದೆ. ಒಪ್ಪಿಗೆ ಇತ್ತಾ ಅಂತ ಕೇಳಿದಾಗ ಹಾರಿಕೆ ಉತ್ತರ ಕೊಟ್ಟೆ. ತಪ್ಪು ಪೂರ್ತಿ ನಂದು. ಅವರನ್ನ ಯಾರೂ ಏನೂ ಅನ್ಬೇಡಿ, ಅದು ಯಾರ ಹತ್ರ ಇದ್ದರೂ ಅಳಿಸಿಬಿಡಿ. ಇನ್ನು ಮೇಲೆ ನಾನು ಓದುಗರ ಮಾತು ಹಾಕಲ್ಲ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವ ಗಾದೆ ಇದೆ. ಒದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹತ್ತೂ ಎರಡಕ್ಕೆ ಮೊದಲ ಹೃದಯ ಬಂತು. ಆಮೇಲೆ ನಿಲ್ಲಲೇ ಇಲ್ಲ. ಎಂಥ ದೊಡ್ಡ ಮನಸ್ಸು ಅಕ್ಕಾ. ತಪ್ಪು ಒಪ್ಪಿಕೊಳ್ಳೋಕೂ ಎದೆಗಾರಿಕೆ ಬೇಕು. ಕಣ್ಣಲ್ಲಿ ನೀರು ಬಂತು. ನೀವು ನಮ್ಮ ಹೆಮ್ಮೆ. ಮುಂದಿನ ಕಥೆ ಇದೇ ಇರಲಿ. ತೆಂಕಾಶಿಯ ಮಣಿಮೊಳಿ ಸ್ವಂತ ಹೆಸರಿನಲ್ಲೇ ಬಂದು ಕೈಮುಗಿದು, ನಾನಾಗಿದ್ದರೆ ಹೇಳುತ್ತಿರಲಿಲ್ಲ ಎಂದು ಬರೆದಳು. ಹಾಗೆ ಬರೆದವಳು ಅವಳೊಬ್ಬಳೇ, ಆ ಮಾತು ಮಾತ್ರ ನಿಜವೆನಿಸಿತು. ಇಪ್ಪತ್ತು ನಿಮಿಷದಲ್ಲಿ ನಾನೂರು ಹೃದಯ. ಅವಳ ಯಾವ ಪುಸ್ತಕಕ್ಕೂ ಅಷ್ಟು ಬಂದಿರಲಿಲ್ಲ.

ತಿಲಗವತಿಗೆ ಫೋನು ಕೈಯಲ್ಲಿ ಬಿಸಿಯಾದಂತೆ ಆಯಿತು. ತನ್ನ ಕಳ್ಳತನಕ್ಕೂ ಜನ ಹಾರ ಹಾಕುತ್ತಿದ್ದಾರೆ. ಹಾರ ಹಾಕಿಸಿಕೊಳ್ಳುವವಳ ಎದೆಯ ಒಂದು ಮೂಲೆ ಇನ್ನೂ ಹಿಗ್ಗುತ್ತಿದೆ. ಅದು ಅವಳಿಗೆ ಗೊತ್ತಾಯಿತು, ಅದಕ್ಕೇ ಅವಳು ಅತ್ತಳು.

ಹತ್ತೂ ಇಪ್ಪತ್ತಾರಕ್ಕೆ ಪರದೆಯ ಮೇಲೆ ಒಂದು ಸಣ್ಣ ಬೂದು ಸಾಲು ಮೂಡಿತು. ಗುಂಪು ನಡೆಸುವವರಿಗೆ ಮಾತ್ರ ಕಾಣುವ ಸಾಲು ಅದು, ಉಳಿದ ಒಂಬೈನೂರು ಜನಕ್ಕೆ ಕಾಣುವುದಿಲ್ಲ.

‘ಆವುಡೈ ಗುಂಪು ಬಿಟ್ಟರು.’

ಕೊನೆಯವರೆಗೂ ಕೇಳಿ, ಆಮೇಲೆ ಹೋಗಿದ್ದಳು. ತಿಲಗವತಿ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಹಜಾರದಿಂದ ಮಾಡಸಾಮಿ, “ಏನಂತಾರೆ ನಿನ್ನ ಓದುಗರು?” ಎಂದು ಕೇಳಿದ. ಅವಳು ಎಡತೋಳನ್ನು ಬಲಕ್ಕೆ ಹೊಲಿದಿದ್ದ ರವಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು, ತೋಳಿನ ಹೊಲಿಗೆ ಬಿಚ್ಚತೊಡಗಿದಳು.